ಬಿದ್ದ ಚೆಂಡಿಗೆ ಒಂದೇಟು: ಅಮೆರಿಕದ ಕಾಲೇಜು ಫುಟ್‌ಬಾಲ್‌ನಲ್ಲಿ ಯಾವಾಗ ತಟ್ಟಬಹುದು, ಯಾವಾಗ ತಟ್ಟಬಾರದು

ಚೆಂಡು ಕೈಜಾರಿ ನೆಲಕ್ಕೆ ಬಿದ್ದಿದೆ. ಪಕ್ಕದಲ್ಲಿರುವ ಆಟಗಾರನಿಗೆ ಬಗ್ಗಿ ಎತ್ತಿಕೊಳ್ಳುವಷ್ಟು ಪುರುಸೊತ್ತಿಲ್ಲ, ಇಬ್ಬರು ಎದುರಾಳಿಗಳು ಅದರ ಮೇಲೆ ಬೀಳುವುದರಲ್ಲಿದ್ದಾರೆ. ಅವನು ಅಂಗೈ ಬೀಸಿ ಒಂದೇಟು ಕೊಡುತ್ತಾನೆ. ಚೆಂಡು ಆರು ಗಜ ಮುಂದೆ ಉರುಳಿ ಅವನದೇ ತಂಡದವನ ಕೈಗೆ ಸಿಗುತ್ತದೆ, ಅವನು ಓಡಿಹೋಗಿ ಎದುರಾಳಿಯ ಗೋಲ್ ಲೈನ್ ದಾಟಿ ಟಚ್‌ಡೌನ್ ಮಾಡುತ್ತಾನೆ. ಕ್ರೀಡಾಂಗಣವೆಲ್ಲ ಎದ್ದು ನಿಂತು ಕೂಗುತ್ತದೆ. ಆದರೆ ಏಟು ಬಿದ್ದ ಜಾಗದಲ್ಲಿ ಆಗಲೇ ತಪ್ಪು ತೋರಿಸಲು ಅಂಪೈರ್ ಎಸೆದ ಹಳದಿ ಬಟ್ಟೆಯೊಂದು ಬಿದ್ದಿರುತ್ತದೆ. ಆರು ಅಂಕವೂ ಹೋಯಿತು, ಮೇಲೆ 10 ಗಜದ ದಂಡ ಬೇರೆ.

ಈ ತಪ್ಪಿಗೆ ‘ಇಲ್ಲೀಗಲ್ ಬ್ಯಾಟಿಂಗ್’ ಎನ್ನುತ್ತಾರೆ. ಬ್ಯಾಟಿಂಗ್ ಅಂದಕೂಡಲೇ ನಮ್ಮ ತಲೆ ಕ್ರಿಕೆಟ್ಟಿಗೆ ಓಡುತ್ತದೆ. ಇಲ್ಲಿ ಬ್ಯಾಟೂ ಇಲ್ಲ, ವಿಕೆಟ್ಟೂ ಇಲ್ಲ. ವಾಲಿಬಾಲ್‌ನಲ್ಲಿ ತಟ್ಟುತ್ತೇವಲ್ಲ, ಹಾಗೆ ಕೈಯಿಂದ ಚೆಂಡನ್ನು ಬೇಕೆಂದೇ ಹೊಡೆಯುವುದಕ್ಕೆ ಇಲ್ಲಿ ಬ್ಯಾಟಿಂಗ್ ಎಂದು ಹೆಸರು. ಕಾಲೇಜು ಪಂದ್ಯಗಳನ್ನು ನಡೆಸುವ ಎನ್‌ಸಿಎಎಯ ನಿಯಮ ಪುಸ್ತಕದಲ್ಲಿ ಇದು 9ನೇ ನಿಯಮದ 4ನೇ ವಿಭಾಗ. ಇರುವುದು ಕೆಲವೇ ಸಾಲು. ಆದರೂ ಈ ಸಾಲುಗಳು ಬಳಕೆಗೆ ಬರುವುದು ಆಟದ ಅತ್ಯಂತ ಗೊಂದಲದ ಮೂರು ಸೆಕೆಂಡುಗಳಲ್ಲಿ. ಹಾಗಾಗಿ ವರ್ಷಗಟ್ಟಲೆ ಆಟ ನೋಡಿದವರೂ ಇಲ್ಲಿ ಎಡವುತ್ತಾರೆ. ಅಮೆರಿಕದ ವಿಶ್ವವಿದ್ಯಾಲಯಗಳಿಗೆ ಓದಲು ಹೋಗಿ ಶನಿವಾರದ ಪಂದ್ಯಕ್ಕೆ ಮೊದಲ ಸಲ ಕೂರುವವರಿಗಂತೂ ಆ ಹಳದಿ ಬಟ್ಟೆ ಯಾಕೆ ಬಿತ್ತೆಂದೇ ತಿಳಿಯುವುದಿಲ್ಲ.

ತೀರ್ಪು ಹೇಳುವ ಕ್ರಮ ಮಾತ್ರ ಸರಳ. ನಾಲ್ಕು ಪ್ರಶ್ನೆಗಳನ್ನು ಇದೇ ಸರದಿಯಲ್ಲಿ ಕೇಳಿಕೊಳ್ಳಬೇಕು: ನಿಜವಾಗಿ ತಟ್ಟಿದನೇ? ಅದು ಯಾವ ಬಗೆಯ ಚೆಂಡು? ತಟ್ಟಿದಾಗ ಚೆಂಡು ಎಲ್ಲಿತ್ತು? ಯಾವ ಕಡೆಗೆ ಹೋಯಿತು? ಸರದಿ ತಪ್ಪಿಸಿದರೆ ಉತ್ತರವೂ ತಪ್ಪುತ್ತದೆ.

ಮುಂದೆ ಎ ತಂಡ, ಬಿ ತಂಡ ಎಂದು ಬರೆಯುತ್ತೇವೆ. ಆ ಸರದಿಯಲ್ಲಿ ಚೆಂಡನ್ನು ಸ್ನ್ಯಾಪ್ ಮಾಡುವ (ನೆಲದಿಂದ ಹಿಂದಕ್ಕೆ ಕೊಟ್ಟು ಆಟ ಶುರುಮಾಡುವ) ಅಥವಾ ಕಿಕ್ ಮಾಡುವ ತಂಡ ಎ, ಎದುರಿಗಿರುವುದು ಬಿ. ಬಿ-12 ಅಂದರೆ ಬಿ ತಂಡ ಕಾಯುತ್ತಿರುವ ಗೋಲ್ ಲೈನಿನಿಂದ 12 ಗಜ ದೂರದ ಗೆರೆ. ಗೋಲ್ ಲೈನಿನ ಆಚೆಗಿರುವ ಪಟ್ಟಿಯೇ ಎಂಡ್ ಝೋನ್.

ಹಂತ 1: ತಟ್ಟಿದ್ದೋ, ತಗುಲಿದ್ದೋ?

ಬೇಕೆಂದೇ ಕೈಯಿಂದ ಅಥವಾ ತೋಳಿನಿಂದ ಚೆಂಡನ್ನು ಹೊಡೆದರೆ, ಇಲ್ಲವೇ ಬೇಕೆಂದೇ ಅದರ ದಿಕ್ಕು ಬದಲಿಸಿದರೆ ಅದು ಬ್ಯಾಟಿಂಗ್. ಇಲ್ಲಿ ಎರಡು ಮಾತಿಗೆ ತೂಕ ಹೆಚ್ಚು: ‘ಬೇಕೆಂದೇ’ ಮತ್ತು ‘ಕೈ, ತೋಳು’. ಎದೆಗೋ ಹೆಲ್ಮೆಟ್ಟಿಗೋ ಬಡಿದು ಚೆಂಡು ಹತ್ತು ಗಜ ಮುಂದೆ ಹೋದರೂ ಅದು ಬ್ಯಾಟಿಂಗ್ ಅಲ್ಲ. ಹಿಡಿಯಲು ಹೋಗಿ ಕೈತಪ್ಪಿ ಚೆಂಡು ಮುಂದೆ ಜಾರಿದರೆ ಅದು ‘ಮಫ್’, ಅದಕ್ಕೆ ದಂಡವಿಲ್ಲ. ಇವೆರಡರ ನಡುವೆ ಅನುಮಾನ ಬಂದರೆ ಏನು ಮಾಡಬೇಕೆಂದು ಪುಸ್ತಕವೇ ಹೇಳಿದೆ: ಆಕಸ್ಮಿಕವಾಗಿ ತಗುಲಿತು ಎಂದೇ ತೀರ್ಪು ಕೊಡಬೇಕು.

ಮನಸ್ಸಿನಲ್ಲಿದ್ದದ್ದನ್ನು ಯಾರೂ ಓದಲಾರರು, ಆದ್ದರಿಂದ ಕೈಯನ್ನೇ ಓದಬೇಕು. ಚೆಂಡನ್ನು ವಶಮಾಡಿಕೊಳ್ಳಲು ಹೊರಟವನ ಕೈ ಚೆಂಡಿನ ಅಡಿಗೆ ಅಥವಾ ಎರಡೂ ಬದಿಗೆ ಹೋಗುತ್ತದೆ, ಬೆರಳುಗಳು ಒಳಕ್ಕೆ ಬಾಗುತ್ತವೆ, ಮೊಣಕೈ ಮೈಕಡೆಗೆ ಸೆಳೆಯುತ್ತದೆ. ತಟ್ಟಲು ಹೊರಟವನ ಅಂಗೈ ಚಪ್ಪಟೆಯಾಗಿರುತ್ತದೆ ಅಥವಾ ಮುಷ್ಟಿ ಬಿಗಿದಿರುತ್ತದೆ, ಕೈ ಚೆಂಡಿನ ಹಿಂಬದಿಗೆ ಬರುತ್ತದೆ, ಮುಟ್ಟಿದ ಮೇಲೂ ತೋಳು ಅದೇ ದಿಕ್ಕಿನಲ್ಲಿ ಬೀಸಿಕೊಂಡು ಹೋಗುತ್ತದೆ. ಚೆಂಡು ಸುಮಾರು 11 ಇಂಚು ಉದ್ದ, 14ರಿಂದ 15 ಔನ್ಸ್ ತೂಕ, ಎರಡೂ ತುದಿ ಚೂಪು. ಉರುಳುತ್ತಿರುವಾಗ ಅದರ ತುದಿ ನೆಲಕ್ಕೆ ಕುಕ್ಕಿದರೆ ತಾನಾಗಿಯೇ ಎತ್ತಲೋ ಚಿಮ್ಮುತ್ತದೆ. ಬೆರಳು ಸೋಕಿದ ಕ್ಷಣವೇ ತುದಿಯೂ ನೆಲಕ್ಕೆ ಕುಕ್ಕಿದರೆ ನೋಡುವವರ ಕಣ್ಣಿಗೆ ಅದು ಬಲವಾಗಿ ತಟ್ಟಿದಂತೆಯೇ ಕಾಣುತ್ತದೆ. ಹಾಗಾಗಿ ಚೆಂಡು ಎಷ್ಟು ದೂರ ಹೋಯಿತು ಎಂಬುದನ್ನು ಸಾಕ್ಷಿಯಾಗಿ ತೆಗೆದುಕೊಳ್ಳಬೇಡಿ. ಕೈ ಹೋದ ದಾರಿಯೇ ಸಾಕ್ಷಿ.

ಹಂತ 2: ಅದು ಯಾವ ಚೆಂಡು?

ಹೆಚ್ಚಿನ ಜಗಳ ಹುಟ್ಟುವುದು ಇಲ್ಲೇ. ಗಾಳಿಯಲ್ಲಿರುವ ಪಾಸಿಗೆ ಒಂದು ನಿಯಮ, ಕಿಕ್ ತಡೆಯುವುದಕ್ಕೆ ಒಂದು, ಮಿಕ್ಕ ಎಲ್ಲ ಸಡಿಲ ಚೆಂಡಿಗೆ ಇನ್ನೊಂದು.

ಫಾರ್ವರ್ಡ್ ಪಾಸ್ (ಮುಂದಕ್ಕೆ ಎಸೆದ ಚೆಂಡು) ಗಾಳಿಯಲ್ಲಿದ್ದರೆ, ಅದನ್ನು ಮುಟ್ಟಲು ಅರ್ಹತೆ ಇರುವ ಯಾರೇ ಆಗಲಿ ಯಾವ ದಿಕ್ಕಿಗೆ ಬೇಕಾದರೂ ತಟ್ಟಬಹುದು, ಎಂಡ್ ಝೋನಿನಲ್ಲೂ. ಬಿ ತಂಡದಲ್ಲಿ ಹನ್ನೊಂದು ಮಂದಿಗೂ ಅರ್ಹತೆ ಉಂಟು. ಎ ತಂಡದಲ್ಲಿ ಅದು ಸ್ನ್ಯಾಪ್ ಗೆರೆಯಲ್ಲಿ ಸಾಲಾಗಿ ನಿಂತವರ ಪೈಕಿ ಎರಡು ತುದಿಯವರಿಗೆ ಮತ್ತು ಹಿಂದೆ ನಿಂತವರಿಗೆ ಮಾತ್ರ. 50ರಿಂದ 79ರವರೆಗಿನ ಅಂಗಿ ತೊಟ್ಟ ಒಳಗಿನ ಲೈನ್‌ಮನ್‌ಗಳಿಗೆ ಇಲ್ಲ. ಆದರೆ ಬಿ ತಂಡದವನ ಬೆರಳು ಪಾಸಿಗೆ ಸೋಕಿದ ಕ್ಷಣದಿಂದ ಎಲ್ಲರೂ ಅರ್ಹರು. ಲೈನ್‌ಮನ್‌ಗಳಿಗೆ ತರಬೇತಿ ಕೊಡುವವರು ಇದನ್ನು ಒತ್ತಿ ಹೇಳಿಕೊಡಬೇಕು. ಎದುರಾಳಿಯ ಕೈಗೆ ಬಡಿದು ಪಾಸ್ ಮೇಲಕ್ಕೆ ಎದ್ದು ನಿಮ್ಮ ತಲೆಯ ಮೇಲೆ ತೂಗುತ್ತಿದೆ ಎಂದುಕೊಳ್ಳಿ. ಹಿಡಿದರೆ ಹಿಡಿದ ಜಾಗದಲ್ಲೇ ನಿಮ್ಮನ್ನು ಕೆಡವಿ ಗಜಗಳನ್ನು ಕಳೆಯುತ್ತಾರೆ. ಬಿಟ್ಟರೆ ಎದುರಾಳಿ ಹಿಡಿಯುತ್ತಾನೆ. ಎರಡೂ ಕೈಯಿಂದ ಕೆಳಕ್ಕೆ ಬಡಿದುಬಿಡಿ. ನೆಲ ಮುಟ್ಟಿದರೆ ಪಾಸ್ ಅಪೂರ್ಣ, ಚೆಂಡು ಸ್ನ್ಯಾಪ್ ಮಾಡಿದ ಗೆರೆಗೇ ವಾಪಸ್.

ಹಿಂದಕ್ಕೆ ಎಸೆದ ಪಾಸ್ ಗಾಳಿಯಲ್ಲಿರುವಾಗ ಎಸೆದ ತಂಡದವರು ಅದನ್ನು ಮುಂದಕ್ಕೆ ತಟ್ಟುವಂತಿಲ್ಲ. ಎದುರಾಳಿಗೆ ಆ ಕಟ್ಟುಪಾಡಿಲ್ಲ, ಎತ್ತ ಬೇಕಾದರೂ ತಟ್ಟಬಹುದು. ಅದೇ ಪಾಸ್ ನೆಲ ಮುಟ್ಟಿತೋ, ಎದುರಾಳಿಯ ಸ್ವಾತಂತ್ರ್ಯವೂ ಮುಗಿಯಿತು. ನೆಲ ಮುಟ್ಟುವ ಮೊದಲೇ, ಮುಟ್ಟಿದ ಮೇಲೆಯೇ ಎಂಬುದು ಕಣ್ಣಿಗೆ ಸಣ್ಣ ಅಂತರ, ತೀರ್ಪಿನಲ್ಲಿ ಪೂರ್ತಿ ಉಲ್ಟಾ.

ಪಂಟ್ (ಕೈಯಿಂದ ಬಿಟ್ಟು ದೂರಕ್ಕೆ ಒದೆಯುವ ಕಿಕ್) ಅಥವಾ ಫೀಲ್ಡ್ ಗೋಲಿನ (ಕಂಬಗಳ ನಡುವೆ ಒದ್ದು ಅಂಕ ಪಡೆಯುವ) ಕಿಕ್ಕನ್ನು ತಡೆಯುವುದಕ್ಕೆ ಯಾರಿಗೂ ಅಡ್ಡಿಯಿಲ್ಲ, ಚೆಂಡು ಎತ್ತ ಚಿಮ್ಮಿದರೂ ಸರಿ. ಆದರೆ ತಡೆದು ಬಿದ್ದ ಚೆಂಡು ನೆಲದ ಮೇಲೆ ಉರುಳುತ್ತಿರುವಾಗ ಅದಕ್ಕೆ ಕೊಡುವ ಎರಡನೇ ಏಟು ‘ತಡೆ’ ಅಲ್ಲ. ಅದು ಸಾಮಾನ್ಯ ಸಡಿಲ ಚೆಂಡು, ಸಾಮಾನ್ಯ ನಿಯಮ. ಪಂಟ್ ತಡೆದ ಹುರುಪಿನಲ್ಲಿ ಬಿ ತಂಡದವರು ಮಾಡುವ ತಪ್ಪು ಇದೇ.

ಇನ್ನು ಫಂಬಲ್ (ಹಿಡಿದವನ ಕೈಜಾರಿದ ಚೆಂಡು), ನೆಲಕ್ಕೆ ಬಿದ್ದ ಹಿಂಪಾಸ್, ಉರುಳುತ್ತಿರುವ ಕಿಕ್, ಕಿಕ್‌ಆಫ್ ಎಲ್ಲಕ್ಕೂ ಒಂದೇ ಮಾತು: ಆಟದ ಅಂಗಳದಲ್ಲಿ ಯಾರೂ ಮುಂದಕ್ಕೆ ತಟ್ಟಬಾರದು, ಚೆಂಡು ಎಂಡ್ ಝೋನಿನಲ್ಲಿದ್ದರೆ ಯಾವ ದಿಕ್ಕಿಗೂ ತಟ್ಟಬಾರದು.

ಒಬ್ಬನ ಕೈಯಲ್ಲಿ ಭದ್ರವಾಗಿರುವ ಚೆಂಡು ಸಡಿಲ ಚೆಂಡಲ್ಲ. ಎದುರಾಳಿ ಅದನ್ನು ಗುದ್ದಿ ಬೀಳಿಸಬಹುದು. ಶಿಕಾಗೊ ಬೇರ್ಸ್ ತಂಡದ ಚಾರ್ಲ್ಸ್ ಟಿಲ್‌ಮನ್ ಹೆಸರಾದದ್ದೇ ಈ ಗುದ್ದಿಗೆ. ‘ಪೀನಟ್ ಪಂಚ್’ ಎಂದು ಅದನ್ನು ಈಗಲೂ ಕರೆಯುತ್ತಾರೆ. ಚೆಂಡು ಹಿಡಿದವನ ತಂಡದವರು ಮಾತ್ರ ಅದನ್ನು ಕೈಯಿಂದ ಮುಂದಕ್ಕೆ ತಟ್ಟಿ ಕಳಿಸುವಂತಿಲ್ಲ. ಕೆಡವಿಸಿಕೊಳ್ಳುವ ಮುನ್ನ ಎರಡು ಗಜ ಮುಂದಿರುವ ಗೆಳೆಯನಿಗೆ ಚೆಂಡನ್ನು ‘ಜಾರಿಸುವ’ ಜಾಣತನಕ್ಕೆ ಇದು ಬೀಗ.

ಹಂತ 3: ಚೆಂಡು ಎಲ್ಲಿತ್ತು?

ಗಮನಿಸಿ, ಚೆಂಡು. ಆಟಗಾರನ ಕಾಲು ಎಲ್ಲಿತ್ತು ಎಂಬುದು ಇಲ್ಲಿ ಲೆಕ್ಕಕ್ಕಿಲ್ಲ. ಗೋಲ್ ಲೈನ್ ಎಂಡ್ ಝೋನಿಗೆ ಸೇರಿದ್ದು. ಗೆರೆಯಿಂದ ಮೇಲಕ್ಕೆ ಗೋಡೆಯೊಂದು ಎದ್ದಿದೆ ಎಂದು ಕಲ್ಪಿಸಿಕೊಳ್ಳಿ, ಏಟು ಬಿದ್ದಾಗ ಚೆಂಡು ಆ ಗೋಡೆಯ ಯಾವ ಕಡೆ ಇತ್ತು ಎಂದಷ್ಟೇ ನೋಡಿ. ಎಂಡ್ ಝೋನಿನಲ್ಲಿ ನಿಂತವನು ಕೈಚಾಚಿ ಇನ್ನೂ ಅಂಗಳದ ಮೇಲಿರುವ ಚೆಂಡನ್ನು ತಟ್ಟಿದರೆ ಅಂಗಳದ ನಿಯಮವೇ ನಡೆಯುತ್ತದೆ.

ಹಂತ 4: ‘ಮುಂದಕ್ಕೆ’ ಅಂದರೆ ಯಾರಿಗೆ ಮುಂದಕ್ಕೆ?

ತಟ್ಟಿದವನ ತಂಡಕ್ಕೆ. ಎದುರಾಳಿಯ ಗೋಲ್ ಲೈನಿನ ಕಡೆ ಹೋದರೆ ಅದು ಮುಂದಕ್ಕೆ, ತನ್ನ ಗೋಲ್ ಲೈನಿನ ಕಡೆ ಹೋದರೆ ಹಿಂದಕ್ಕೆ. ಒಂದೇ ದಿಕ್ಕು ಒಂದು ತಂಡಕ್ಕೆ ಮುಂದೆ, ಇನ್ನೊಂದಕ್ಕೆ ಹಿಂದೆ. ಟಿವಿಯಲ್ಲಿ ಎಡಕ್ಕೆ ಹೋಯಿತು, ಬಲಕ್ಕೆ ಹೋಯಿತು ಎಂದು ನೋಡುತ್ತ ಕೂತರೆ ಇದು ತಲೆಗೆ ಹತ್ತುವುದಿಲ್ಲ. ನಿಯಮ ತಡೆಯುವುದು ಮುಂದಕ್ಕೆ ತಟ್ಟುವುದನ್ನು ಮಾತ್ರ, ಆದ್ದರಿಂದ ಅಂಗಳದಲ್ಲಿ ಅಡ್ಡಕ್ಕೆ, ಅಂಚುಗೆರೆಯ ಕಡೆಗೆ ತಟ್ಟುವುದಕ್ಕೆ ದಂಡವಿಲ್ಲ.

ಹಂತ 5: ದಂಡ ಎಲ್ಲಿಂದ?

ಹತ್ತು ಗಜ ಎಂಬುದು ನಿಶ್ಚಿತ, ಎಲ್ಲಿಂದ ಅಳೆಯಬೇಕು ಎಂಬುದೇ ಕಷ್ಟ. ಓಟದ ಆಟದಲ್ಲಿ ಚೆಂಡು ಸ್ನ್ಯಾಪ್ ಗೆರೆಯ ಆಚೆ ಫಂಬಲ್ ಆದರೆ ಆ ಫಂಬಲ್ ಆದ ಜಾಗವೇ ಮೂಲ ಜಾಗ. ಸ್ನ್ಯಾಪ್ ಗೆರೆಯ ಹಿಂದೆ ಫಂಬಲ್ ಆದರೆ ಸ್ನ್ಯಾಪ್ ಗೆರೆಯೇ ಮೂಲ ಜಾಗ. ಆಮೇಲೆ ‘ಮೂರಕ್ಕೊಂದು’ ಸೂತ್ರ ಹಾಕುತ್ತಾರೆ. ತಪ್ಪು ಮಾಡುವ ಬಗೆ ನಾಲ್ಕು: ಎ ತಂಡ ಮೂಲ ಜಾಗದ ಮುಂದೆ ಅಥವಾ ಹಿಂದೆ, ಬಿ ತಂಡ ಮುಂದೆ ಅಥವಾ ಹಿಂದೆ. ಇವುಗಳಲ್ಲಿ ಮೂರಕ್ಕೆ ಮೂಲ ಜಾಗದಿಂದಲೇ ದಂಡ. ಚೆಂಡು ಹೊಂದಿದ್ದ ತಂಡ ಮೂಲ ಜಾಗದ ಹಿಂದೆ ಮಾಡಿದ ತಪ್ಪಿಗೆ ಮಾತ್ರ ತಪ್ಪು ನಡೆದಲ್ಲಿಂದ.

ಉದಾಹರಣೆಗೆ, ಸ್ನ್ಯಾಪ್ ಬಿ-18ರಲ್ಲಿ. ಎ ತಂಡದವನು ಓಡಿ ಬಿ-12ರಲ್ಲಿ ಫಂಬಲ್ ಮಾಡಿದ. ಚೆಂಡು ಬಿ-9ಕ್ಕೆ ಉರುಳಿತು, ಅಲ್ಲಿ ಅವನ ಜೊತೆಗಾರ ಅದನ್ನು ಮುಂದಕ್ಕೆ ತಟ್ಟಿದ, ಇನ್ನೊಬ್ಬ ಎಂಡ್ ಝೋನಿನಲ್ಲಿ ಅದರ ಮೇಲೆ ಬಿದ್ದ. ಟಚ್‌ಡೌನ್ ರದ್ದು. ತಪ್ಪು ಮೂಲ ಜಾಗದ ಮುಂದೆ ಆಗಿದೆ, ಆದ್ದರಿಂದ ಬಿ-12ರಿಂದ ಹತ್ತು ಗಜ, ಚೆಂಡು ಬಿ-22ಕ್ಕೆ. ಅದೇ ಚೆಂಡು ಹಿಂದಕ್ಕೆ ಉರುಳಿ ಬಿ-14ರಲ್ಲಿ ಏಟು ಬಿದ್ದಿದ್ದರೆ ಅಲ್ಲಿಂದಲೇ ಎಣಿಸಿ ಬಿ-24.

ಈಗ ಬಿ ತಂಡದ ತಪ್ಪು. ಡೌನ್ ಅಂದರೆ ಒಂದು ಯತ್ನ; ನಾಲ್ಕು ಯತ್ನಗಳೊಳಗೆ ಹತ್ತು ಗಜ ಮುಂದೆ ಹೋದರೆ ಮತ್ತೆ ಫಸ್ಟ್ ಡೌನ್ ಸಿಗುತ್ತದೆ. ಮೂರನೇ ಡೌನ್, 8 ಗಜ ಬೇಕು, ಸ್ನ್ಯಾಪ್ ಎ-40ರಲ್ಲಿ. ಕ್ವಾರ್ಟರ್‌ಬ್ಯಾಕನ್ನು (ಪಾಸ್ ಎಸೆಯುವವನನ್ನು) ಎ-33ರಲ್ಲಿ ಹಿಡಿದು ಅಲುಗಿಸಿದಾಗ ಚೆಂಡು ಬಿತ್ತು. ಬಿ ತಂಡದ ಆಟಗಾರ ಅದನ್ನು ಎ ತಂಡದ ಗೋಲಿನ ಕಡೆಗೆ ತಟ್ಟಿ, ಹಿಂದೆ ಓಡಿ, ಎತ್ತಿಕೊಂಡು ಟಚ್‌ಡೌನ್ ಹೊಡೆದ. ಫಂಬಲ್ ಆದದ್ದು ಸ್ನ್ಯಾಪ್ ಗೆರೆಯ ಹಿಂದೆ, ಹಾಗಾಗಿ ಎ-40ರಿಂದ ಹತ್ತು ಗಜ, ಚೆಂಡು ಅಂಗಳದ ನಡುಗೆರೆಗೆ. ಬೇಕಿದ್ದದ್ದು ಎಂಟೇ ಗಜ. ಎ ತಂಡಕ್ಕೆ ಹೊಸ ಫಸ್ಟ್ ಡೌನ್. ಸುಮ್ಮನೆ ಚೆಂಡಿನ ಮೇಲೆ ಬಿದ್ದಿದ್ದರೆ ಎ-33ರ ಸುತ್ತಮುತ್ತ ಚೆಂಡು ಬಿ ತಂಡದ್ದೇ ಆಗುತ್ತಿತ್ತು.

ತಡೆದ ಪಂಟಿನ ಪಾಡೂ ಇದೇ. ನಾಲ್ಕನೇ ಡೌನ್, 6 ಗಜ, ಎ-30. ಪಂಟ್ ತಡೆಯಲಾಯಿತು, ಚೆಂಡು ಎ-5ರವರೆಗೆ ಉರುಳಿತು. ಬಿ ತಂಡದವನು ಅದನ್ನು ಎಂಡ್ ಝೋನಿನತ್ತ ತಟ್ಟಿದ, ಜೊತೆಗಾರ ಬಿದ್ದು ಹಿಡಿದ. ಪಂಟ್ ಸ್ನ್ಯಾಪ್ ಗೆರೆ ದಾಟಿಯೇ ಇಲ್ಲ, ಆದ್ದರಿಂದ ದಂಡ ಎ-30ರಿಂದ. ಚೆಂಡು ಎ-40ಕ್ಕೆ, ಫಸ್ಟ್ ಡೌನ್. ಎದುರಾಳಿಯ ಐದು ಗಜದ ಗೆರೆಯಲ್ಲಿ ಕೈಗೆ ಸಿಗುತ್ತಿದ್ದ ಚೆಂಡು ಒಂದೇಟಿಗೆ ಕೈಬಿಟ್ಟುಹೋಯಿತು.

ಗೋಲ್ ಲೈನಿನ ಹತ್ತಿರ: ಇಲ್ಲಿ ನಿಧಾನವಾಗಿ ಓದಿ

2015ರ ಅಕ್ಟೋಬರ್ 5ರಂದು ಸಿಯಾಟಲ್‌ನಲ್ಲಿ ನಡೆದ ವೃತ್ತಿಪರ ಪಂದ್ಯದಲ್ಲಿ ಡೆಟ್ರಾಯಿಟ್ ಲಯನ್ಸ್ ತಂಡದ ಕ್ಯಾಲ್ವಿನ್ ಜಾನ್ಸನ್ ಗೋಲ್ ಲೈನಿನ ಅಂಚಿನಲ್ಲಿದ್ದಾಗ ಸಿಯಾಟಲ್ ಸೀಹಾಕ್ಸ್‌ನ ಕ್ಯಾಮ್ ಚಾನ್ಸಲರ್, ಜಾನ್ಸನ್ ಕೈಯಿಂದ ಚೆಂಡನ್ನು ಗುದ್ದಿ ಬೀಳಿಸಿದರು. ಚೆಂಡು ಎಂಡ್ ಝೋನಿಗೆ ಪುಟಿಯಿತು, ಕೆ.ಜೆ. ರೈಟ್ ಅದನ್ನು ಕೈಯಿಂದ ಹಿಂದಿನ ಗೆರೆಯಾಚೆ ತಟ್ಟಿ ಕಳಿಸಿದರು. ಬಟ್ಟೆ ಬೀಳಲಿಲ್ಲ, ಕಾಯುತ್ತಿದ್ದ ತಂಡಕ್ಕೇ ಚೆಂಡು ಸಿಗುವ ಟಚ್‌ಬ್ಯಾಕ್ ಕೊಟ್ಟರು, ಸಿಯಾಟಲ್ 13-10ರಿಂದ ಗೆದ್ದಿತು. ದಂಡ ಕೊಡಬೇಕಿತ್ತೆಂದು ಲೀಗ್‌ನ ಅಂಪೈರಿಂಗ್ ಮುಖ್ಯಸ್ಥ ಡೀನ್ ಬ್ಲಾಂಡಿನೊ ಆಮೇಲೆ ಒಪ್ಪಿಕೊಂಡರು. ಎನ್‌ಎಫ್‌ಎಲ್ (ಅಮೆರಿಕದ ವೃತ್ತಿಪರ ಫುಟ್‌ಬಾಲ್ ಲೀಗ್) ನಿಯಮವೂ ಈ ವಿಷಯದಲ್ಲಿ ಕಾಲೇಜಿನದರಂತೆಯೇ: ಎಂಡ್ ಝೋನಿನ ಸಡಿಲ ಚೆಂಡನ್ನು ಯಾವ ಕಡೆಗೂ ತಟ್ಟುವಂತಿಲ್ಲ.

ಕಾಲೇಜು ಪಂದ್ಯದಲ್ಲಿ ಇಂಥದ್ದೇ ನಡೆದರೆ ಲೆಕ್ಕ ಹೀಗೆ. ಸ್ನ್ಯಾಪ್ ಬಿ-10ರಲ್ಲಿ, ಫಂಬಲ್ ಬಿ-4ರಲ್ಲಿ, ಚೆಂಡು ಎಂಡ್ ಝೋನಿಗೆ ಉರುಳಿತು, ಬಿ ತಂಡದವನು ಅದನ್ನು ಹೊರಕ್ಕೆ ತಟ್ಟಿದ. ದಂಡ ಬೇಡ ಎಂದರೆ ಟಚ್‌ಬ್ಯಾಕ್, ಚೆಂಡು ಬಿ ತಂಡಕ್ಕೆ ಬಿ-20ರಲ್ಲಿ. ಎ ತಂಡ ಖಂಡಿತ ದಂಡವನ್ನೇ ಕೇಳುತ್ತದೆ: ಬಿ-4ರಿಂದ ಹತ್ತು ಗಜಕ್ಕೆ ಜಾಗವಿಲ್ಲ, ಆದ್ದರಿಂದ ಗೋಲಿಗೆ ಉಳಿದ ದೂರದ ಅರ್ಧ. ಚೆಂಡು ಬಿ-2ರಲ್ಲಿ, ಎ ತಂಡದ ಕೈಯಲ್ಲೇ.

ಈಗ ನಿಯಮಬದ್ಧವಾಗಿಯೇ ತಟ್ಟಿ ನಷ್ಟ ಮಾಡಿಕೊಳ್ಳುವ ಸಂದರ್ಭ. ಫಂಬಲ್ ಆದ ಚೆಂಡು ನೆಲ ಮುಟ್ಟಿ ಬಿ-2ರಲ್ಲಿದೆ. ಬಿ ತಂಡದವನು ಎದುರಾಳಿಗೆ ಸಿಗದಿರಲಿ ಎಂದು ಅದನ್ನು ತನ್ನ ಎಂಡ್ ಝೋನಿನ ಕಡೆಗೆ ತಟ್ಟುತ್ತಾನೆ, ಅದು ಹಿಂದಿನ ಗೆರೆ ದಾಟಿ ಹೋಗುತ್ತದೆ. ಏಟು ಬಿದ್ದದ್ದು ಅಂಗಳದಲ್ಲಿ, ಹೋದದ್ದು ಹಿಂದಕ್ಕೆ, ತಪ್ಪೇನೂ ಇಲ್ಲ. ಆದರೆ ನೆಲ ಮುಟ್ಟಿದ ಸಡಿಲ ಚೆಂಡನ್ನು ತಟ್ಟಿದರೆ ಹಳೆಯ ವೇಗ ಅಲ್ಲಿಗೆ ಮುಗಿಯಿತು, ಇನ್ನು ಮುಂದಿನ ಹೊಣೆ ತಟ್ಟಿದವನದು ಎನ್ನುತ್ತದೆ ನಿಯಮ. ಚೆಂಡನ್ನು ತನ್ನದೇ ಎಂಡ್ ಝೋನಿಗೆ ಕಳಿಸಿದವನು ಅವನೇ ಆದ. ಅದು ಸೇಫ್ಟಿ: ಎದುರಾಳಿಗೆ 2 ಅಂಕ, ಮೇಲೆ ತಾವೇ 20 ಗಜದ ಗೆರೆಯಿಂದ ಕಿಕ್ ಮಾಡಿ ಚೆಂಡನ್ನೂ ಅವರಿಗೆ ಕೊಡಬೇಕು. ಉರುಳುತ್ತಿದ್ದ ಚೆಂಡು ಅವನ ಬೂಟಿಗೆ ಆಕಸ್ಮಿಕವಾಗಿ ತಗುಲಿ ಒಳಗೆ ಹೋಗಿ ಹೊರಗುರುಳಿದ್ದರೆ ಹೊಣೆ ಫಂಬಲ್ ಮಾಡಿದವನ ತಂಡದ್ದೇ, ಅಂದರೆ ಟಚ್‌ಬ್ಯಾಕ್. ಇನ್ನೊಂದು ಎಚ್ಚರ: ಚೆಂಡು ಪೂರ್ತಿ ನಿಂತುಬಿಟ್ಟಿದ್ದರೆ ಆಕಸ್ಮಿಕ ಸ್ಪರ್ಶವೂ ಹೊಸ ವೇಗವೇ. ಗೋಲ್ ಲೈನಿನ ಬಳಿ ನಿಂತ ಚೆಂಡಿನ ಸುತ್ತ ಕಾಲಾಡಿಸಬೇಡಿ.

ಪಂಟರ್‌ನ ತಲೆಯ ಮೇಲಿಂದ ಸ್ನ್ಯಾಪ್ ಹಾರಿ ಅವನದೇ ಎಂಡ್ ಝೋನಿಗೆ ಬಿದ್ದರೆ? ಎತ್ತಿಕೊಂಡು ಓಡಬಹುದು, ಆಗುವುದಾದರೆ ಪಂಟ್ ಮಾಡಬಹುದು, ಇಲ್ಲವೇ ಅದರ ಮೇಲೆ ಬಿದ್ದು 2 ಅಂಕ ಕೊಡಬಹುದು. ಗಾಬರಿಯಲ್ಲಿ ಅಂಗಳದ ಕಡೆಗೆ ತಟ್ಟಿದರೆ ಎಂಡ್ ಝೋನಿನಲ್ಲಿ ತಪ್ಪು ಮಾಡಿದ ಹಾಗಾಯಿತು, ಆ ದಂಡವೂ ಸೇಫ್ಟಿಯೇ. ಹೊರಕ್ಕೆ ತಟ್ಟಿದರೂ ಸೇಫ್ಟಿ. ಅಂದರೆ ತಟ್ಟಿ ಉಳಿಸಿಕೊಳ್ಳುವುದು ಏನೂ ಇಲ್ಲ. ಹೆದರಬೇಕಾದದ್ದು 2 ಅಂಕಕ್ಕಲ್ಲ, ಎದುರಾಳಿ ಚೆಂಡಿನ ಮೇಲೆ ಬಿದ್ದು ತೆಗೆದುಕೊಳ್ಳುವ ಟಚ್‌ಡೌನಿಗೆ.

ಪಂಟ್ ಅನ್ನು ಗೋಲ್ ಲೈನಿನ ಮುಂದೆ ನಿಲ್ಲಿಸುವುದು

ಎ ತಂಡದ ಪಂಟ್ ಬಿ ತಂಡದ ಎಂಡ್ ಝೋನಿಗೆ ಹೋಗುವಂತಿದೆ. ಎ ತಂಡದವನು ಓಡಿಬಂದು ಜಿಗಿದು ಚೆಂಡನ್ನು ಬಂದ ಕಡೆಗೆ ತಟ್ಟುತ್ತಾನೆ. ಚೆಂಡು ಇನ್ನೂ ಅಂಗಳದ ಮೇಲಿದ್ದರೆ ಇದು ಅವನಿಗೆ ಹಿಂದಕ್ಕೆ, ಆದ್ದರಿಂದ ದಂಡವಿಲ್ಲ. ಕಾಲೇಜು ಆಟದಲ್ಲಿ ನೋಡಲು ಇಷ್ಟು ಚೆನ್ನಾಗಿರುವ ಕೌಶಲ ಕಡಿಮೆ.

ಆದರೂ ಎರಡು ಮಾತು ಉಂಟು. ಮೊದಲನೆಯದು, ಬಿ ತಂಡ ಮುಟ್ಟುವ ಮೊದಲು, ಸ್ನ್ಯಾಪ್ ಗೆರೆ ದಾಟಿದ ಪಂಟನ್ನು ಎ ತಂಡ ಮುಟ್ಟಿದರೆ ಅದು ‘ಇಲ್ಲೀಗಲ್ ಟಚಿಂಗ್’. ಗಜದ ದಂಡವಿಲ್ಲ, ಹಳದಿ ಬಟ್ಟೆಯೂ ಬೀಳುವುದಿಲ್ಲ; ಮುಟ್ಟಿದ ಜಾಗದಲ್ಲಿ ಅಂಪೈರ್ ಬೀನ್ ಬ್ಯಾಗ್ (ಜಾಗ ಗುರುತಿಸುವ ಪುಟ್ಟ ಚೀಲ) ಎಸೆಯುತ್ತಾರೆ. ಬಿ ತಂಡ ಬಯಸಿದರೆ ಆ ಜಾಗದಲ್ಲೇ ಚೆಂಡು ತೆಗೆದುಕೊಳ್ಳಬಹುದು. ಇದರ ಬೆಲೆ ಬಹಳ ಜನಕ್ಕೆ ಗೊತ್ತಿಲ್ಲ. ಎ ತಂಡ ಒಮ್ಮೆ ತಟ್ಟಿದ ಚೆಂಡನ್ನು ಬಿ ತಂಡದವನು ಎತ್ತಿಕೊಂಡು ಓಡಿ, ಫಂಬಲ್ ಮಾಡಿ, ಕಳೆದುಕೊಂಡರೂ ಅವನ ತಂಡ ಮತ್ತೆ ಆ ಬೀನ್ ಬ್ಯಾಗಿನ ಜಾಗವನ್ನು ಕೇಳಬಹುದು. ಆ ಆಟದಲ್ಲಿ ದಂಡವೊಂದನ್ನು ಒಪ್ಪಿಕೊಂಡರೆ ಮಾತ್ರ ಆ ಹಕ್ಕು ಹೋಗುತ್ತದೆ. ಆದ್ದರಿಂದ ತಟ್ಟಿದರೆ ಸಾಲದು, ಜೊತೆಗಾರ ತಕ್ಷಣ ಚೆಂಡನ್ನು ಹಿಡಿದು ಆಟ ನಿಲ್ಲಿಸಬೇಕು. ಒಬ್ಬ ಗೋಲ್ ಲೈನಿಗೆ, ಇನ್ನೊಬ್ಬ ಮೂರು ನಾಲ್ಕು ಗಜ ಈಚೆಗೆ ನಿಲ್ಲುವಂತೆ ಅಭ್ಯಾಸ ಮಾಡಿಸಿ.

ಎರಡನೆಯದು, ಬಿ ತಂಡ ಮುಟ್ಟದ ಪಂಟ್ ಎಂಡ್ ಝೋನಿನೊಳಗಿರುವಾಗ ಎ ತಂಡ ತಟ್ಟಿದರೆ ಹತ್ತು ಗಜದ ದಂಡವಲ್ಲ, ಅದಕ್ಕೆ ಪುಸ್ತಕ ವಿನಾಯಿತಿ ಕೊಟ್ಟಿದೆ. ಅದೂ ಇಲ್ಲೀಗಲ್ ಟಚಿಂಗ್ ಅಷ್ಟೇ, ಬಿ ತಂಡ ಚೆಂಡನ್ನು ಬಿ-20ರಲ್ಲಿ ಪಡೆಯಬಹುದು.

ಆನ್‌ಸೈಡ್ ಕಿಕ್

ಕಿಕ್‌ಆಫ್ ಎ-35ರಿಂದ, ಬಿ ತಂಡ ಎ-45ರ ಆಚೆ ನಿಂತಿರುತ್ತದೆ. ಚೆಂಡನ್ನು ತಾವೇ ಮರಳಿ ಪಡೆಯಲೆಂದು ಗಿಡ್ಡಕ್ಕೆ ಒದೆಯುವುದೇ ಆನ್‌ಸೈಡ್ ಕಿಕ್. ಚೆಂಡು ಹತ್ತು ಗಜ ಹೋದ ಮೇಲೆ ಎ ತಂಡದವನು ಜಿಗಿದು ಹಿಂದಿರುವ ಗೆಳೆಯನಿಗೆ ತಟ್ಟಬಹುದು. ಹತ್ತು ಗಜ ಆಗುವ ಮೊದಲೇ, ಬಿ ತಂಡ ಮುಟ್ಟುವ ಮೊದಲೇ ಕೈ ಹಾಕಿದರೆ ಇಲ್ಲೀಗಲ್ ಟಚಿಂಗ್. ಮುಂದಕ್ಕೆ ತಟ್ಟಿದರೆ ಹತ್ತು ಗಜ.

ಬಿ ತಂಡಕ್ಕೆ ಇಲ್ಲೊಂದು ಒಳ್ಳೆಯ ದಾರಿ ಇದೆ. ಹಿಡಿಯುವ ಭರವಸೆ ಇಲ್ಲದಿದ್ದರೆ ಚೆಂಡನ್ನು ಅಡ್ಡಕ್ಕೆ ಅಥವಾ ತಮ್ಮ ಗೋಲಿನ ಕಡೆ ಓರೆಯಾಗಿ ತಟ್ಟಿ ಅಂಚುಗೆರೆ ದಾಟಿಸಿಬಿಡಬಹುದು; ಚೆಂಡು ಅವರದೇ. ಕಿಕ್ ಮಾಡಿದವರ ಕಡೆಗೆ ಒಂದಡಿ ಹೋದರೂ ಅದು ಬಿ ತಂಡಕ್ಕೆ ‘ಮುಂದಕ್ಕೆ’. ಆದ್ದರಿಂದ ಎದೆಯನ್ನು ಅಂಚುಗೆರೆಗೆ ತಿರುಗಿಸಿ ನಿಂತು ತಟ್ಟುವುದನ್ನು ಕಲಿಸಬೇಕು. ಕಿಕ್ ಮಾಡಿದವರಿಗೆ ಎದುರು ನಿಂತು ತಟ್ಟಿದರೆ ಕೈ ತಾನಾಗಿ ಮುಂದಕ್ಕೇ ಬೀಸುತ್ತದೆ.

ಈ ನಿಯಮ ಯಾಕೆ ಬೇಕು?

1978ರ ಸೆಪ್ಟೆಂಬರ್ 10ರಂದು ಸ್ಯಾನ್ ಡಿಯಾಗೊದಲ್ಲಿ ಓಕ್‌ಲ್ಯಾಂಡ್ ರೇಡರ್ಸ್ ಕೊನೆಯ ಕ್ಷಣದಲ್ಲಿ ಹಿಂದಿತ್ತು. ಹಿಡಿತಕ್ಕೆ ಸಿಕ್ಕಿದ ಕೆನ್ ಸ್ಟೇಬ್ಲರ್ ಕೈಯಿಂದ ಚೆಂಡು ಮುಂದಕ್ಕೆ ಉರುಳಿತು, ಪೀಟ್ ಬನಾಸ್ಝಾಕ್ ಅದನ್ನು ಇನ್ನೂ ಮುಂದಕ್ಕೆ ತಳ್ಳಿದರು, ಡೇವ್ ಕ್ಯಾಸ್ಪರ್ ಕೈ ಕಾಲು ತಗುಲಿಸುತ್ತ ಎಂಡ್ ಝೋನಿಗೆ ಕೊಂಡೊಯ್ದು ಅದರ ಮೇಲೆ ಬಿದ್ದರು. ರೇಡರ್ಸ್ 21-20ರಿಂದ ಗೆದ್ದರು. ‘ಹೋಲಿ ರೋಲರ್’ ಎಂದು ಪ್ರಸಿದ್ಧವಾದ ಆ ಆಟ ನೋಡಿದವರಿಗೆ ಪ್ರಶ್ನೆ ಉಳಿಯುವುದಿಲ್ಲ. ಮುಂದಕ್ಕೆ ತಟ್ಟಲು ಬಿಟ್ಟರೆ ಚೆಂಡನ್ನು ಭದ್ರವಾಗಿ ಹಿಡಿದು ಓಡುವ ಕಷ್ಟವನ್ನು ಯಾರೂ ಪಡಬೇಕಿಲ್ಲ. ಎನ್‌ಎಫ್‌ಎಲ್ ಮರುವರ್ಷವೇ ನಿಯಮ ಬಿಗಿಗೊಳಿಸಿತು: ನಾಲ್ಕನೇ ಡೌನಿನಲ್ಲಿ ಮತ್ತು ಕೊನೆಯ ಎರಡು ನಿಮಿಷದಲ್ಲಿ ಫಂಬಲ್ ಮಾಡಿದವನೇ ಎತ್ತಿಕೊಂಡರೆ ಮಾತ್ರ ಮುಂದೆ ಹೋಗಬಹುದು. ಕಾಲೇಜು ಆಟದಲ್ಲಿ ಎರಡು ನಿಮಿಷದ ಮಾತಿಲ್ಲ. ನಾಲ್ಕನೇ ಡೌನಿನಲ್ಲಿ ಮತ್ತು ಟಚ್‌ಡೌನ್ ನಂತರದ ಹೆಚ್ಚುವರಿ ಅಂಕದ ಯತ್ನದಲ್ಲಿ, ಚೆಂಡು ಇನ್ನೂ ಎದುರಾಳಿಯ ವಶಕ್ಕೆ ಹೋಗದಿರುವಾಗ, ಫಂಬಲ್ ಆದದ್ದನ್ನು ಜೊತೆಗಾರ ಹಿಡಿದರೆ ಆಟ ಅಲ್ಲಿಗೇ ನಿಲ್ಲುತ್ತದೆ. ಫಂಬಲ್ ಆದ ಜಾಗದಿಂದ ಮುಂದೆ ಹಿಡಿದಿದ್ದರೆ ಚೆಂಡು ಆ ಜಾಗಕ್ಕೇ ವಾಪಸ್.

ಒದೆಯುವುದು ಇನ್ನೂ ಸರಳ: ಸಡಿಲ ಚೆಂಡನ್ನು ಬೇಕೆಂದು ಕಾಲಿನಿಂದ ಒದೆಯುವುದು ಎಲ್ಲಿಯೂ, ಯಾವ ಕಡೆಗೂ ತಪ್ಪು. ಹತ್ತು ಗಜ, ಎ ತಂಡ ಮಾಡಿದರೆ ಬಹಳ ಸಲ ಡೌನೂ ಹೋಗುತ್ತದೆ.

ಆಟಗಾರರಿಗೆ, ನೋಡುಗರಿಗೆ

ಅಭ್ಯಾಸದಲ್ಲಿ ಮೊದಲು ಕಲಿಸಬೇಕಾದದ್ದು ಚೆಂಡಿನ ಮೇಲೆ ಬೀಳುವುದನ್ನು: ಪಕ್ಕೆಗೆ ಮಗುಚಿ, ಮಂಡಿ ಮಡಚಿ, ಚೆಂಡನ್ನು ಹೊಟ್ಟೆಗೆ ಅವುಚಿ, ಎರಡೂ ತುದಿಗಳನ್ನು ಅಂಗೈಯಿಂದ ಮುಚ್ಚಿ. ನೇರವಾಗಿ ಹೊಟ್ಟೆಯ ಮೇಲೆ ಬಿದ್ದರೆ ಚೆಂಡು ಮೈಯಡಿಯಿಂದ ಚಿಮ್ಮುತ್ತದೆ. ತಟ್ಟುವುದನ್ನು ಆಮೇಲೆ, ಅದೂ ಮೂರೇ ಸಂದರ್ಭಕ್ಕೆ ಕಲಿಸಿದರೆ ಸಾಕು ಎಂಬುದು ನಮ್ಮ ಅಭಿಪ್ರಾಯ: ಗಾಳಿಯಲ್ಲಿರುವ ಪಾಸನ್ನು ಕೆಳಕ್ಕೆ, ಗೋಲ್ ಲೈನಿನ ಬಳಿಯ ಪಂಟನ್ನು ಹಿಂದಕ್ಕೆ, ಆನ್‌ಸೈಡ್ ಕಿಕ್ಕನ್ನು ಅಂಚಿನಾಚೆಗೆ. ರಕ್ಷಣೆಯ ಆಟಗಾರರಿಗೆ ಇನ್ನೊಂದು ಮಾತು: ಕೊನೆಯ ಕ್ಷಣದಲ್ಲಿ ಎಂಡ್ ಝೋನಿಗೆ ಎತ್ತರಕ್ಕೆ ಎಸೆದ ಪಾಸನ್ನು ಮೇಲಕ್ಕೆ ತಟ್ಟಬೇಡಿ. ಅದು ನಿಯಮಕ್ಕೆ ವಿರುದ್ಧವಲ್ಲ, ಆದರೆ ಮೇಲಕ್ಕೆ ಹೋದ ಚೆಂಡು ಹಿಂದೆ ಕಾಯುತ್ತಿರುವ ಎದುರಾಳಿಯ ಕೈಗೇ ಇಳಿಯುತ್ತದೆ.

ಪಂದ್ಯ ನೋಡುವವರು ಚೆಂಡು ಬಿದ್ದ ಕೂಡಲೇ ರಾಶಿಬಿದ್ದ ಆಟಗಾರರ ಕಡೆ ಕಣ್ಣು ಹಾಯಿಸುವ ಮೊದಲು ಹುಲ್ಲಿನ ಮೇಲೆ ಎರಡು ವಸ್ತು ಹುಡುಕಿ. ಫಂಬಲ್ ಆದ ಜಾಗದಲ್ಲಿ ಬೀನ್ ಬ್ಯಾಗ್ ಬಿದ್ದಿರುತ್ತದೆ, ತಟ್ಟಿದ ಜಾಗದಲ್ಲಿ ಹಳದಿ ಬಟ್ಟೆ. ಎ ತಂಡದವನು ತಟ್ಟಿ, ಹಳದಿ ಬಟ್ಟೆ ಬೀನ್ ಬ್ಯಾಗಿಗಿಂತ ಹಿಂದೆ ಬಿದ್ದಿದ್ದರೆ ಬಟ್ಟೆಯಿಂದ ಎಣಿಸಿ. ಮುಂದೆ ಬಿದ್ದಿದ್ದರೆ ಬೀನ್ ಬ್ಯಾಗಿನಿಂದ. ಬಿ ತಂಡದವನು ತಟ್ಟಿದ್ದರೆ ಬಟ್ಟೆ ಎಲ್ಲಿದೆ ಎಂದು ನೋಡುವ ಅಗತ್ಯವೇ ಇಲ್ಲ. ಇವೆಲ್ಲ ಫಂಬಲ್ ಸ್ನ್ಯಾಪ್ ಗೆರೆಯ ಆಚೆ ಆಗಿದ್ದರೆ ಮಾತ್ರ. ರೆಫರಿ ಮೈಕಿನಲ್ಲಿ ಹೇಳುವ ಹೊತ್ತಿಗೆ ಚೆಂಡು ಎಲ್ಲಿಡುತ್ತಾರೆ ಎಂಬುದು ನಿಮಗೆ ಗೊತ್ತಿರುತ್ತದೆ.